ಕೈ ಎತ್ತದ ಓದುಗರು

ನಮ್ಮ ಕಡೆಯ ಸಭೆ ಸಮಾರಂಭಗಳಲ್ಲಿ ಒಂದು ಮಾತು ಮಂಗಳಾರತಿಯಷ್ಟೇ ನಿಯತವಾಗಿ ಬರುತ್ತದೆ. ಯಾದಗಿರಿಯಲ್ಲಿ ಪುಸ್ತಕ ಬಿಡುಗಡೆಯಾಗಲಿ, ಶಹಾಪುರದಲ್ಲಿ ಕವಿಗೋಷ್ಠಿ ನಡೆಯಲಿ, ಸುರಪುರದಲ್ಲಿ ತಾಲ್ಲೂಕು ಸಮ್ಮೇಳನ ಸೇರಲಿ, ಅಧ್ಯಕ್ಷ ಭಾಷಣದ ಮೂರನೆಯ ಇಲ್ಲವೆ ನಾಲ್ಕನೆಯ ನಿಮಿಷಕ್ಕೆ ಅದು ಬಂದೇ ತೀರಬೇಕು: “ಇಂದಿನ ಯುವಕರು ಓದುವುದಿಲ್ಲ.” ಮುಂದಿನ ಸಾಲಿನ ಹಿರಿಯರು ತಲೆದೂಗುತ್ತಾರೆ. ಹಿಂದಿನ ಸಾಲಿನ ಯುವಕರು ಆ ಹೊತ್ತಿನಲ್ಲಿ ತಲೆ ಬಗ್ಗಿಸಿ ಮೊಬೈಲು ನೋಡುತ್ತಿರುತ್ತಾರಾದ್ದರಿಂದ ಭಾಷಣಕಾರರಿಗೆ ಸಾಕ್ಷಿಯೂ ಸಿಕ್ಕಂತಾಗುತ್ತದೆ. ಚಪ್ಪಾಳೆ ಬೀಳುತ್ತದೆ. ನಾನು ಈ ಮಾತನ್ನು ಪರಿಹಾಸ್ಯಕ್ಕಾಗಿ ಬರೆಯುತ್ತಿಲ್ಲ. ಆ ಮಾತನ್ನು ಹತ್ತಾರು ವೇದಿಕೆಗಳ ಮೇಲೆ ಆಡಿ ಚಪ್ಪಾಳೆ ಗಿಟ್ಟಿಸಿಕೊಂಡವರಲ್ಲಿ ನಾನೂ ಒಬ್ಬ. ಕನ್ನಡ ಅಧ್ಯಾಪಕನಿಗೆ ಅದೊಂದು ವೃತ್ತಿಧರ್ಮವೆಂದೇ ತಿಳಿದಿದ್ದೆ. ಆ ಮಾತು ಸುಳ್ಳು, ಸುಳ್ಳಿಗಿಂತ ಹೆಚ್ಚಾಗಿ ಅನ್ಯಾಯದ ಮಾತು ಎಂದು ಈಗ ಹೇಳಬೇಕಾಗಿ ಬಂದಿದೆ.

ಹೋದ ವರ್ಷದ ಸಂಗತಿ. ಬಿ.ಎ. ಎರಡನೆಯ ವರ್ಷದ ತರಗತಿಯಲ್ಲಿ ನಿಂತು, “ಪಠ್ಯವನ್ನು ಬಿಟ್ಟು ಈ ವರ್ಷ ಒಂದಾದರೂ ಪುಸ್ತಕ ಓದಿದವರು ಕೈ ಎತ್ತಿರಿ” ಎಂದೆ. ನಾಲ್ವತ್ತು ಜನರಲ್ಲಿ ಇಬ್ಬರ ಕೈ ಮೇಲೆ ಬಂದವು. ಅವರಲ್ಲೊಬ್ಬ ಓದಿದ್ದು ಸ್ಪರ್ಧಾ ಪರೀಕ್ಷೆಯ ಮಾರ್ಗದರ್ಶಿ. ಉಳಿದ ಅರ್ಧ ಗಂಟೆಯನ್ನು ನಾನು ಹೇಗೆ ಕಳೆದೆನೆಂಬುದನ್ನು ವಾಚಕರು ಊಹಿಸಬಲ್ಲರು. ಗಂಟೆ ಹೊಡೆದ ಮೇಲೆ ಒಬ್ಬ ಹುಡುಗಿ ಬಾಗಿಲ ಬಳಿ ಕಾದು ನಿಂತಿದ್ದಳು. ತರಗತಿಯಲ್ಲಿ ಬಾಯಿ ಬಿಡದವಳು.

“ಸರ್, ಸಿಟ್ಟಿಗೇಳಬ್ಯಾಡ್ರಿ. ನೀವು ಪುಸ್ತಕ ಓದೀರೇನು ಅಂತ ಕೇಳಿದ್ರಿ. ಕತಿ ಓದೀರೇನು ಅಂತ ಕೇಳಿದ್ರ ಎಲ್ಲಾರೂ ಕೈ ಎತ್ತತಿದ್ದಿವಿ.”

ಆಕೆಯ ಊರು ಶಹಾಪುರಕ್ಕೂ ಸುರಪುರಕ್ಕೂ ನಡುವೆ ಇರುವ ಒಂದು ಹಳ್ಳಿ. ದಿನಾ ಬೆಳಿಗ್ಗೆ ಸಾರಿಗೆ ಬಸ್ಸು ಹತ್ತಿ ಕಾಲೇಜಿಗೆ ಬರುತ್ತಾಳೆ, ಸಂಜೆ ಮರಳುತ್ತಾಳೆ. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲ. ಆ ಯೋಜನೆಯ ಲಾಭನಷ್ಟದ ಚರ್ಚೆಯನ್ನು ಅರ್ಥಶಾಸ್ತ್ರಜ್ಞರು ಮಾಡಲಿ. ಆ ಬಸ್ಸು ಒಂದು ವಾಚನಾಲಯವೂ ಆಗಿದೆಯೆಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ. ಸೀಟು ಸಿಕ್ಕರೆ ಕುಳಿತು, ಸಿಗದಿದ್ದರೆ ಒಂದು ಕೈಯಲ್ಲಿ ಸರಳು ಹಿಡಿದು ನಿಂತು, ಈಕೆ ಮೊಬೈಲಿನಲ್ಲಿ ಕನ್ನಡ ಕಾದಂಬರಿ ಓದುತ್ತಾಳೆ. ಕಂತು ಕಂತಾಗಿ ಬರುವ ಕಾದಂಬರಿಗಳು. ಏಕಕಾಲಕ್ಕೆ ಏಳೆಂಟು ನಡೆದಿರುತ್ತವೆ. ಯಾವುದರಲ್ಲಿ ಯಾರ ಮದುವೆ ನಿಂತಿತು, ಯಾರ ಮನೆಯಲ್ಲಿ ದೆವ್ವ ಹೊಕ್ಕಿತು ಎಂಬುದು ಆಕೆಗೆ ಎಂದೂ ಕಲಸಿಹೋಗುವುದಿಲ್ಲ. ನಾನಾದರೋ ಎರಡು ಕಾದಂಬರಿಗಳನ್ನು ಒಟ್ಟಿಗೆ ಹಿಡಿದರೆ ಒಂದರ ಮಾವನನ್ನು ಮತ್ತೊಂದರ ಸೊಸೆಗೆ ಗಂಟು ಹಾಕುವವನು.

ತನ್ನ ನೋಟುಬುಕ್ಕಿನ ಕೊನೆಯ ಎರಡು ಹಾಳೆಗಳನ್ನು ಆಕೆ ತೋರಿಸಿದಳು. ಒಂದರ ತಲೆಬರಹ “ಓದಿದ್ದು”, ಇನ್ನೊಂದರದು “ಓದದೇ ಉಳದದ್ದು”. ಮೊದಲನೆಯ ಹಾಳೆ ತುಂಬಿ ಅಂಚಿಗೆ ಹರಿದಿತ್ತು. ಎರಡನೆಯದರಲ್ಲಿ ಇಪ್ಪತ್ತಮೂರು ಹೆಸರುಗಳಿದ್ದವು. ನಾನು ಇಲ್ಲಿ ವಾದಿಸಬೇಕೆಂದಿರುವುದು ಈ ಎರಡು ಹಾಳೆಗಳ ಪರವಾಗಿ.

ಮೊದಲು ಓದಿದ್ದರ ಮಾತು. ಮೊಬೈಲಿನಲ್ಲಿ ಓದಿದ್ದು ಓದೇ ಅಲ್ಲ, ಕಂತಿನ ಕಥೆ ಸಾಹಿತ್ಯವೇ ಅಲ್ಲ ಎನ್ನುವ ಮಹನೀಯರುಂಟು. ಅವರನ್ನು ನಾನು ಕೇಳುತ್ತೇನೆ: ‘ಸುಧಾ’ ವಾರಪತ್ರಿಕೆ 1965ರಲ್ಲಿ ಆರಂಭವಾದ ಮೇಲೆ ಕರ್ನಾಟಕದ ಎಷ್ಟು ಮನೆಗಳಲ್ಲಿ ಧಾರಾವಾಹಿಯ ಮುಂದಿನ ಕಂತಿಗಾಗಿ ತಾಯಂದಿರೂ ಹೆಣ್ಣುಮಕ್ಕಳೂ ಕಾದು ಕುಳಿತರು? ಆ ಕಂತುಗಳು ಮುಂದೆ ಪುಸ್ತಕವಾದವು, ಪುಸ್ತಕಗಳು ಸಿನಿಮಾ ಆದವು, ಅವುಗಳ ಮೇಲೆ ನಮ್ಮವರು ಪಿಎಚ್.ಡಿ. ಮಾಡಿದರು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಗಣಿತದ ಪುಸ್ತಕದೊಳಗೆ ಇಟ್ಟುಕೊಂಡು ಓದಿದ ಹುಡುಗರು ಕೆಟ್ಟುಹೋದರೇ? ಅವರಲ್ಲಿ ಅನೇಕರು ಮುಂದೆ ಕಾರಂತರನ್ನೂ ಓದಿದರು. 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮುನ್ನವೇ ತೀರಿಕೊಂಡ ತ್ರಿವೇಣಿಯವರನ್ನು ಅಂದಿನ ಪಂಡಿತರಲ್ಲಿ ಎಷ್ಟು ಮಂದಿ “ಹೆಂಗಸರ ಕಾದಂಬರಿ” ಎಂದು ಬದಿಗಿಟ್ಟಿರಲಿಲ್ಲ? ಅ.ನ.ಕೃ. ಅವರಂತೂ ತಮ್ಮ ಕಾದಂಬರಿಗಳು ಯುವಕರನ್ನು ಕೆಡಿಸುತ್ತವೆಂಬ ಆರೋಪಕ್ಕೆ ಉತ್ತರವಾಗಿ ಒಂದು ಪುಸ್ತಕವನ್ನೇ ಬರೆಯಬೇಕಾಯಿತು. ಪ್ರತಿ ತಲೆಮಾರಿಗೂ ತನ್ನ ಮಕ್ಕಳು ಓದುವುದು ಕಸವೆಂದೂ ತಾನು ಕದ್ದು ಓದಿದ್ದು ಮಾತ್ರ ಸಾಹಿತ್ಯವೆಂದೂ ತೋರುವುದೊಂದು ವಿಚಿತ್ರ.

ನನ್ನ ಮನೆಯದೇ ಒಂದು ನಿದರ್ಶನ ಕೊಡುತ್ತೇನೆ. ನಮ್ಮ ತಾತನವರು ನಿಜಾಮರ ಕಾಲದಲ್ಲಿ ಶಾಲೆ ಕಲಿತವರು. 1948ರವರೆಗೆ ಈ ಭಾಗದ ಶಾಲೆಗಳಲ್ಲಿ ಉರ್ದುವಿನದೇ ದರ್ಬಾರು. ಮನೆಮಾತು ಕನ್ನಡವಾದರೂ ಅವರ ಓದು ಉರ್ದುವಿನದು. ಅವರ ತಗಡಿನ ಟ್ರಂಕಿನಲ್ಲಿ ಮೇಲೆ ಪುರಾಣದ ಪುಸ್ತಕ, ಅದರ ಮೇಲೊಂದು ಮಡಿವಸ್ತ್ರ. ಅವರು ತೀರಿಕೊಂಡ ಮೇಲೆ ತಳ ನೋಡಿದರೆ ಸಿಕ್ಕದ್ದೇನು? 1952ರಲ್ಲಿ ಅಲಹಾಬಾದಿನಿಂದ ಹೊರಡಲಾರಂಭಿಸಿದ ‘ಜಾಸೂಸಿ ದುನಿಯಾ’ ಮಾಲೆಯ ಪುಸ್ತಕಗಳು! ಇಬ್ನೆ ಸಫಿಯ ಪತ್ತೇದಾರಿ ಕಾದಂಬರಿಗಳು. “ಕಾದಂಬರಿ ಓದಿದರೆ ತಲೆ ಕೆಡತದ” ಎಂದು ನಮ್ಮನ್ನು ಗದರಿಸುತ್ತಿದ್ದ ತಾತನವರು ಅವನ್ನು ಎಷ್ಟು ಸಲ ತಿರುವಿದ್ದರೆಂದರೆ ಹಾಳೆಗಳ ಮೂಲೆಗಳು ಸವೆದು ದುಂಡಗಾಗಿದ್ದವು. ಆ ಪುಸ್ತಕಗಳು ಈಗ ನನ್ನ ಬಳಿ ಇವೆ. ನಮ್ಮ ಮನೆಯಲ್ಲಿ ಯಾರಿಗೂ ಆ ಲಿಪಿ ಬಾರದು. ಓದದೇ ಉಳಿದ ಪುಸ್ತಕ ಎಂದರೆ ನನಗೆ ಮೊದಲು ನೆನಪಾಗುವುದು ಅವೇ. ಅವನ್ನು ನಾವು ಸೋಮಾರಿತನದಿಂದ ಓದದೆ ಬಿಟ್ಟಿಲ್ಲ. ಪುಸ್ತಕಕ್ಕೂ ನಮಗೂ ನಡುವಿನ ದಾರಿ ಮುಚ್ಚಿಹೋಯಿತು, ಅಷ್ಟೆ.

ಸುರಪುರದವರಿಗೆ ಇನ್ನೊಂದು ಮಾತನ್ನು ಜ್ಞಾಪಿಸುವುದು ಉಚಿತ. ಅಲ್ಲಿಯ ಗುಡ್ಡದ ಮೇಲಿನ ಟೇಲರ್ ಮಂಜಿಲನ್ನು ನಾವು ನೆಂಟರಿಗೆ ಅಭಿಮಾನದಿಂದ ತೋರಿಸುತ್ತೇವೆ. 1841ರಿಂದ 1853ರವರೆಗೆ ಸುರಪುರದಲ್ಲಿದ್ದು, ಬಾಲಕ ರಾಜಾ ವೆಂಕಟಪ್ಪನಾಯಕರ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಯಾರು? ಇಲ್ಲಿಗೆ ಬರುವ ಎರಡು ವರ್ಷ ಮುಂಚೆ, 1839ರಲ್ಲಿ, ಒಬ್ಬ ಠಕ್ಕನ ಬಾಯಿಂದಲೇ ಅವನ ಕೊಲೆಗಳ ಕಥೆ ಹೇಳಿಸಿದ ಕಾದಂಬರಿಕಾರ. ಆ ಕಾದಂಬರಿ ಇಂಗ್ಲೆಂಡಿನಲ್ಲಿ ಮನೆಮಾತಾಯಿತು. ವಿಕ್ಟೋರಿಯಾ ರಾಣಿಯೇ ಅದನ್ನು ಆತುರದಿಂದ ಓದಿದಳೆಂದು ಹೇಳುತ್ತಾರೆ. ಅಂದರೆ, ರಾಣಿ ಓದಿದರೆ ಅದು ಸಾಹಿತ್ಯ ಚರಿತ್ರೆ, ಶಹಾಪುರ ಬಸ್ಸಿನಲ್ಲಿ ನಿಂತ ಹುಡುಗಿ ಅದೇ ಬಗೆಯ ಮೈನವಿರೇಳಿಸುವ ಕಥೆ ಓದಿದರೆ ಅಧಃಪತನ! ಟೇಲರನ ಮನೆಯನ್ನು ತೋರಿಸುವ ನಾವು ಅವನ ಕಾದಂಬರಿಯನ್ನು ನಮ್ಮ ಹುಡುಗರಿಗೆ ಎಂದಾದರೂ ತೋರಿಸಿದ್ದೇವೆಯೇ?

ಹಾಗೆಂದು ಮೊಬೈಲಿನ ಕಥೆಗಳೆಲ್ಲ ಅಪರಂಜಿ ಎನ್ನುವಷ್ಟು ಮರುಳ ನಾನಲ್ಲ. ಆಕೆಯ ಒತ್ತಾಯಕ್ಕೆ ನಾಲ್ಕೈದನ್ನು ಓದಿ ನೋಡಿದೆ. ಒಂದರಲ್ಲಿ ಕೋಟ್ಯಧೀಶ ನಾಯಕ ನಾಯಕಿಯ ಕೆನ್ನೆಗೆ ಹೊಡೆಯುತ್ತಾನೆ, ಹತ್ತನೆಯ ಕಂತಿನಲ್ಲಿ ಆಕೆ ಅವನನ್ನೇ ಪ್ರೀತಿಸುತ್ತಾಳೆ. ಇದನ್ನು ನಾನು ಕಟುವಾಗಿ ಟೀಕಿಸಿದೆ. ಹುಡುಗಿ ಸುಮ್ಮನಿರಲಿಲ್ಲ. “ಅದು ನನಗೂ ಸೇರಲಿಲ್ಲ ಸರ್. ಬರದಾಕಿಗೆ ಅಲ್ಲೇ ಕೆಳಗ ಬರದು ಕೇಳೀನಿ, ಇಂಥಾ ಗಂಡಸಿಗೆ ಯಾಕ ಮದುವಿ ಮಾಡಸ್ತೀರಿ ಅಂತ” ಎಂದಳು. ನಾನು ಬೆರಗಾದೆ. ನಾನು ಕಲಿಸಿದ ವಿಮರ್ಶೆಯ ಪತ್ರಿಕೆಯಲ್ಲಿ ಈಕೆಗೆ ಬಂದ ಅಂಕಗಳು ಸಾಧಾರಣ. ಲೇಖಕಿಯನ್ನೇ ಎದುರಿಗೆ ನಿಲ್ಲಿಸಿ ಪ್ರಶ್ನೆ ಕೇಳುವ ವಿಮರ್ಶೆ ಬೇರೆಯೇ ಒಂದು ಜಾಗದಲ್ಲಿ ನಡೆದಿತ್ತು.

ಮತ್ತೂ ಒಂದು ಸಂಗತಿಯುಂಟು. ಸಂಜೆ ಆಕೆಯ ತಾಯಿ ರೊಟ್ಟಿ ಬಡಿಯುವಾಗ ಈಕೆ ಒಲೆಯ ಬಳಿ ಕುಳಿತು ಆ ದಿನದ ಕಂತನ್ನು ಗಟ್ಟಿಯಾಗಿ ಓದುತ್ತಾಳೆ. ತಾಯಿಗೆ ಅಕ್ಷರ ಬಾರದು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇಕಡಾ 51.83, ರಾಜ್ಯದಲ್ಲೇ ಕೊನೆಯ ಸ್ಥಾನ. ಆ ಇನ್ನರ್ಧದಲ್ಲಿ ಒಬ್ಬಳು ಈ ತಾಯಿ. ಕಂತು ನಿಂತ ಕೂಡಲೆ ಆಕೆ ಹಿಟ್ಟಿನ ಕೈಯಲ್ಲೇ ಕೇಳುತ್ತಾಳಂತೆ: “ಮುಂದೇನಾತವ್ವ?” ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿದಾಗ ನಮ್ಮ ಹಿರಿಯರು ಕೇಳುತ್ತಿದ್ದುದೂ ಇದನ್ನೇ. ಒಂದು ಮನೆಗೆ ಮೊದಲ ಬಾರಿ ಅಕ್ಷರ ಬಂದು, ಅದು ಒಲೆಯ ಮುಂದೆ ಕುಳಿತು, ಓದು ಬಾರದ ತಾಯಿಯನ್ನೂ ಕನ್ನಡ ಕಥೆಯೊಳಕ್ಕೆ ಕರೆದೊಯ್ಯುತ್ತಿದೆ. ಇದನ್ನು ಕಂಡೂ “ಓದುವುದಿಲ್ಲ” ಎಂದು ಭಾಷಣ ಮಾಡುವ ನಾಲಗೆಗೆ ಏನೆನ್ನಬೇಕು?

ಇನ್ನು ಎರಡನೆಯ ಹಾಳೆ. ಓದದೇ ಉಳಿದ ಇಪ್ಪತ್ತಮೂರು ಪುಸ್ತಕಗಳು. ಯುವಕರ ಮೇಲೆ ದೂರು ಹೇಳುವವರಿಗೆಲ್ಲ ಈ ಹಾಳೆಯನ್ನು ತೋರಿಸಬೇಕೆಂದು ನನ್ನ ಆಸೆ. ಏಕೆಂದರೆ ಪ್ರತಿ ಹೆಸರಿನ ಮುಂದೆಯೂ ಆಕೆ ಪೆನ್ಸಿಲಿನಲ್ಲಿ ಕಾರಣ ಬರೆದಿದ್ದಳು. ಒಂಬತ್ತರ ಮುಂದೆ “ಎಲ್ಲಿ ಸಿಗತದ ಗೊತ್ತಿಲ್ಲ”. ಆರರ ಮುಂದೆ “ರೊಕ್ಕ”. ನಾಲ್ಕರ ಮುಂದೆ “ಬೀರುವಿಗೆ ಕೀಲಿ”. ಉಳಿದ ನಾಲ್ಕರ ಮುಂದೆ ಮಾತ್ರ “ಸುರು ಮಾಡಿದೆ, ಸೇರಲಿಲ್ಲ”. ಅಂದರೆ ಆಕೆ ತಾನಾಗಿ ಕೈಬಿಟ್ಟ ಪುಸ್ತಕಗಳು ನಾಲ್ಕು. ನಾವು ಆಕೆಯ ಕೈಗೆ ಸಿಗದಂತೆ ಮಾಡಿದವು ಹತ್ತೊಂಬತ್ತು.

ಉತ್ಪ್ರೇಕ್ಷೆ ಎನ್ನುವವರು ನಮ್ಮ ಪೇಟೆಗೆ ಬಂದು ನೋಡಲಿ. ನಾನು ಕಂಡ ಮಟ್ಟಿಗೆ ಈ ಮೂರು ಊರುಗಳಲ್ಲಿ ಪುಸ್ತಕದಂಗಡಿಯೆಂದರೆ ನೋಟುಬುಕ್ಕು, ಗೈಡು, ಪ್ರಶ್ನೋತ್ತರ ಮಾಲೆ, ನೌಕರಿ ಪರೀಕ್ಷೆಯ ದಪ್ಪ ಪುಸ್ತಕಗಳು. ಒಂದು ಕಾದಂಬರಿ ಬೇಕಾದರೆ ಕಲಬುರಗಿಯ ದಾರಿ ಹಿಡಿಯಬೇಕು. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬುದನ್ನು ನಾವು ಪಾಠದಲ್ಲಿ ಕಣ್ಣು ತುಂಬಿ ಹೇಳುತ್ತೇವೆ. ಗಳಗನಾಥರು 1942ರಲ್ಲಿ ತೀರಿಕೊಂಡರು. ಅವರ ಹೆಗಲಿನ ಹೊರೆಯನ್ನು ಅನಂತರ ಯಾರು ಹೊತ್ತು ನಮ್ಮ ಕಡೆ ಬಂದರು?

ಗ್ರಂಥಾಲಯವಿಲ್ಲವೇ ಎಂದು ಕೇಳಬಹುದು. ಉಂಟು. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಫಲವಾಗಿ ನಾವು ಮನೆ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಕೊಡುತ್ತ ಬಂದಿದ್ದೇವೆ. ಈಗ ಅದು ತೆರಿಗೆಯ ಶೇಕಡಾ 6. ಆದರೆ ನಮ್ಮ ಹಣದಿಂದ ಪುಸ್ತಕ ಬರುವ ಬಗೆಯನ್ನು ಗಮನಿಸಿರಿ. ಪ್ರಕಾಶಕರೂ ಲೇಖಕರೂ ಅರ್ಜಿ ಹಾಕುತ್ತಾರೆ, ಸಮಿತಿ ಆರಿಸುತ್ತದೆ, ಇಲಾಖೆ ಆರಿಸಿದ ಪುಸ್ತಕದ ಸುಮಾರು 300 ಪ್ರತಿಗಳನ್ನು ಸಗಟಾಗಿ ಕೊಂಡು ಹಂಚುತ್ತದೆ. ಈ ಸರಪಳಿಯಲ್ಲಿ ಲೇಖಕನಿದ್ದಾನೆ, ಪ್ರಕಾಶಕನಿದ್ದಾನೆ, ಸಮಿತಿಯಿದೆ, ಲಾರಿಯಿದೆ. “ನಿನಗೇನು ಬೇಕು?” ಎಂದು ಹತ್ತೊಂಬತ್ತು ವರ್ಷದ ಓದುಗಳನ್ನು ಕೇಳುವ ಒಂದು ಕೊಂಡಿ ಮಾತ್ರ ಇಲ್ಲ. ಕನ್ನಡ ಪ್ರಕಾಶನ ಬದುಕಲು ಸಗಟು ಖರೀದಿ ಬೇಕು, ನಿಜ. ಆದರೆ ಪ್ರಕಾಶನ ಬದುಕಿದರೆ ಓದು ತಾನಾಗಿ ಬದುಕುತ್ತದೆಂದು ತಿಳಿದದ್ದೇ ನಮ್ಮ ತಪ್ಪು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬ ಸೂತ್ರವನ್ನು 1931ರಲ್ಲೇ ಜಗತ್ತಿಗೆ ಕೊಟ್ಟವರು ಎಸ್.ಆರ್. ರಂಗನಾಥನ್. ಅವರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ಆ ಸೂತ್ರ ಬೆಂಗಳೂರಿನಿಂದ ಭೀಮಾ ನದಿಯ ದಂಡೆಗೆ ಇನ್ನೂ ಬಂದು ಮುಟ್ಟಿಲ್ಲ.

ಬಂದ ಪುಸ್ತಕದ ಗತಿಯನ್ನೂ ಹೇಳಬೇಕು. ನಾನು ಬಲ್ಲ ಒಂದು ಗ್ರಂಥಾಲಯದಲ್ಲಿ, ಹೆಸರು ಬೇಡ, ಕಾದಂಬರಿಗಳಿರುವ ಬೀರುವಿಗೆ ಸದಾ ಕೀಲಿ. ಏಕೆಂದು ಕೇಳಿದರೆ, “ಹುಡುಗರು ಒಯ್ದರ ತಂದು ಕೊಡಂಗಿಲ್ರಿ, ಕಳದ್ರ ನಮ್ಮ ಪಗಾರದಾಗ ಹಿಡೀತಾರ” ಎಂಬ ಉತ್ತರ ಬಂತು. ಆ ನೌಕರನನ್ನು ನಾನು ದೂರಲಾರೆ. ಕಳೆದುಹೋದ ಪುಸ್ತಕಕ್ಕೆ ದಂಡ, ಓದದೆ ಗೆದ್ದಲು ತಿಂದ ಪುಸ್ತಕಕ್ಕೆ ಏನೂ ಇಲ್ಲ ಎಂಬ ವ್ಯವಸ್ಥೆಯಲ್ಲಿ ಬುದ್ಧಿವಂತನಾದವನು ಕೀಲಿ ಹಾಕದೆ ಮತ್ತೇನು ಮಾಡುತ್ತಾನೆ? ಒಳ್ಳೆಯದನ್ನೂ ಹೇಳಬೇಕು. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು, 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಮಕ್ಕಳಿಗಾಯಿತು. ಮಕ್ಕಳಲ್ಲದ, ಇನ್ನೂ ಹಿರಿಯರೂ ಆಗದ ಇವರ ಗತಿಯೇನು?

ಇದೇ ನನ್ನ ಮುಖ್ಯವಾದ ದೂರು. ಕನ್ನಡದಲ್ಲಿ ಮಕ್ಕಳ ಸಾಹಿತ್ಯವುಂಟು, ಪ್ರೌಢ ಸಾಹಿತ್ಯವುಂಟು. ನಡುವೆ ಹದಿನೈದರಿಂದ ಇಪ್ಪತ್ತರ ಹರೆಯಕ್ಕೆಂದು ಬೇರೆ ಒಂದು ಕಪಾಟು ಇಲ್ಲ. ಕೇಂದ್ರ ಸಾಹಿತ್ಯ ಅಕಾದೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರವನ್ನೂ 2011ರಲ್ಲಿ ಯುವ ಪುರಸ್ಕಾರವನ್ನೂ ಸ್ಥಾಪಿಸಿತು. ಮೊದಲನೆಯದು ಮಕ್ಕಳಿಗಾಗಿ ಬರೆದವರಿಗೆ. ಎರಡನೆಯದೋ, ಯುವಕರಿಗಾಗಿ ಬರೆದವರಿಗಲ್ಲ, ಯುವ ಲೇಖಕರಿಗೆ! ಬರೆಯುವ ಯುವಕನಿಗೆ ಹಾರವುಂಟು, ಓದುವ ಯುವಕನಿಗೆ ಪುಸ್ತಕವಿಲ್ಲ. ಅಮೆರಿಕೆಯಲ್ಲಿ ಎಸ್.ಇ. ಹಿಂಟನ್ ಎಂಬ ಹುಡುಗಿ ಶಾಲೆಯಲ್ಲಿದ್ದಾಗಲೇ ಬರೆದ ಕಾದಂಬರಿ 1967ರಲ್ಲಿ ಅಚ್ಚಾಗಿ, ಆ ವಯಸ್ಸಿನವರಿಗೆಂದೇ ಒಂದು ಕಪಾಟು ಅಲ್ಲಿ ಬೆಳೆಯಿತು. ನಮ್ಮಲ್ಲಿಯೂ ಅಂಥ ಪುಸ್ತಕಗಳು ಇಲ್ಲದಿಲ್ಲ. ಆ ಹುಡುಗಿಗೆ ನನ್ನ ಮನೆಯಿಂದ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಕೊಟ್ಟೆ. ಎರಡು ದಿನದ ಬಸ್ ಪ್ರಯಾಣದಲ್ಲಿ ಮುಗಿಸಿ, “ಇದರಂಥಾದ್ದೇ ಇನ್ನೊಂದು ಕೊಡ್ರಿ ಸರ್” ಎಂದು ಮೂರನೆಯ ದಿನ ಬಾಗಿಲಲ್ಲಿ ನಿಂತಿದ್ದಳು. ‘ಕರ್ವಾಲೊ’ ಕೊಟ್ಟೆ. ಅದೂ ಆಯಿತು. ಅನಂತರ ಏನು ಕೊಡಬೇಕೆಂದು ನಾನೇ ಕಪಾಟಿನ ಮುಂದೆ ತಡಕಾಡಬೇಕಾಯಿತು. ಕನ್ನಡ ಎಂ.ಎ. ಮಾಡಿದವನಿಗೆ ಈ ತಡಕಾಟ ಮಾನದ ಪ್ರಶ್ನೆ.

ಆಕೆ ಅರ್ಧಕ್ಕೆ ಬಿಟ್ಟ ನಾಲ್ಕು ಪುಸ್ತಕಗಳಿಗೆ ಬರೋಣ. ಅವುಗಳಲ್ಲೊಂದು ‘ಶ್ರೀ ರಾಮಾಯಣ ದರ್ಶನಂ’. ಭಾಷಣ ಸ್ಪರ್ಧೆಯಲ್ಲಿ ಬಹುಮಾನವಾಗಿ ಬಂದದ್ದಂತೆ. “ಇಪ್ಪತ್ತು ಪುಟ ಓದಿದೆ ಸರ್, ಏನೂ ತಿಳೀಲಿಲ್ಲ. ನನ್ನ ತಪ್ಪೇನು?” ಎಂದು ಅಪರಾಧಿಯಂತೆ ಕೇಳಿದಳು. ಆ ಕ್ಷಣದಲ್ಲಿ ನಾನು ಎಂದಿನಂತೆ “ಪ್ರಯತ್ನ ಮಾಡಬೇಕಮ್ಮಾ” ಎನ್ನಬಹುದಿತ್ತು. ಏಕೋ ನಾಲಗೆ ಏಳಲಿಲ್ಲ. ವಾಚಕರೆದುರಿಗೇ ಒಪ್ಪಿಕೊಳ್ಳುತ್ತೇನೆ: ಆ ಮಹಾಕಾವ್ಯದ ಭಾಗಗಳನ್ನು ವರ್ಷಗಟ್ಟಲೆ ಪಾಠ ಮಾಡಿದ, ಅದರ ಮೇಲೆ ಹತ್ತು ಅಂಕದ ಪ್ರಶ್ನೆಗಳನ್ನು ತೆಗೆದ ನಾನು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿರಲಿಲ್ಲ. ಪಠ್ಯಕ್ಕಿಟ್ಟ ಭಾಗ, ಅದರ ಸುತ್ತಮುತ್ತ ಒಂದಿಷ್ಟು, ಮೇಲೆ ನಾಲ್ಕು ವಿಮರ್ಶಾ ಲೇಖನ. ಇಷ್ಟೇ ನನ್ನ ಬಂಡವಾಳ. ನನ್ನ ವೃತ್ತಿಬಾಂಧವರು ನನ್ನ ಮೇಲೆ ಸಿಟ್ಟಾಗುವ ಮುನ್ನ ತಂತಮ್ಮ ಕಪಾಟುಗಳನ್ನೊಮ್ಮೆ ನೋಡಿಕೊಳ್ಳಲಿ. ಸನ್ಮಾನದಲ್ಲಿ ಬಂದದ್ದು, ಲೇಖಕರು ಹಸ್ತಾಕ್ಷರ ಹಾಕಿ ಕೊಟ್ಟದ್ದು, ಸಮ್ಮೇಳನದಲ್ಲಿ ರಿಯಾಯಿತಿಗೆ ಕೊಂಡದ್ದು: ಹಾಳೆ ಬಿಡಿಸದ ಎಷ್ಟಿಲ್ಲ? ಫ್ರಾನ್ಸಿನ ಶಾಲಾ ಅಧ್ಯಾಪಕ ದಾನಿಯೆಲ್ ಪೆನಾಕ್ 1992ರ ತನ್ನ ಪುಸ್ತಕದಲ್ಲಿ ಓದುಗನ ಹಕ್ಕುಗಳನ್ನು ಪಟ್ಟಿಮಾಡಿದಾಗ ಓದದಿರುವುದನ್ನೂ ಅರ್ಧಕ್ಕೆ ಬಿಡುವುದನ್ನೂ ಅವುಗಳಲ್ಲಿ ಸೇರಿಸಿದ. ಆ ಹಕ್ಕನ್ನು ನಾವು ಅಧ್ಯಾಪಕರು ಜೀವನವಿಡೀ ಗುಟ್ಟಾಗಿ ಅನುಭವಿಸುತ್ತೇವೆ. ಶಿಷ್ಯರಿಗೆ ಮಾತ್ರ ಅದನ್ನು ಪಾಪವೆಂದು ಬೋಧಿಸುತ್ತೇವೆ.

ಆದುದರಿಂದ ನನ್ನ ಬೇಡಿಕೆಗಳು ದೊಡ್ಡವಲ್ಲ. ಬೀರುವಿನ ಕೀಲಿ ತೆಗೆಯಿರಿ. ವರ್ಷಕ್ಕೆ ಹತ್ತು ಪುಸ್ತಕ ಕಳೆದರೆ ಕಳೆಯಲಿ, ಅವು ಯಾರದೋ ಮನೆಯಲ್ಲಿರುತ್ತವೆ, ಗೆದ್ದಲಿನ ಹೊಟ್ಟೆಯಲ್ಲಲ್ಲ. ಗ್ರಂಥಾಲಯದ ಖರೀದಿಯಲ್ಲಿ ಒಂದು ಪಾಲನ್ನಾದರೂ ಆಯಾ ಊರಿನ ಓದುಗರು ಬರೆದುಕೊಟ್ಟ ಹೆಸರುಗಳಿಗೆ ಮೀಸಲಿಡಿರಿ. ಪದವಿ ತರಗತಿಯಲ್ಲಿ ವಾರಕ್ಕೊಂದು ಗಂಟೆ ಪರೀಕ್ಷೆಯಿಲ್ಲದ, ಟಿಪ್ಪಣಿಯಿಲ್ಲದ ಓದಿಗೆ ಬಿಡಿರಿ. ಅಲ್ಲಿ ಪತ್ತೇದಾರಿಯೂ ಇರಲಿ, ದೆವ್ವವೂ ಇರಲಿ, ಮೊಬೈಲೂ ಇರಲಿ. ಇಷ್ಟನ್ನು ಮಾಡಿ, ಹತ್ತು ವರ್ಷ ಕಾದು, ಆ ಮೇಲೂ ಓದದಿದ್ದರೆ ಆಗ ನಾನೂ ವೇದಿಕೆ ಹತ್ತಿ ಬೈಯಲು ಬರುತ್ತೇನೆ. ಅಲ್ಲಿಯವರೆಗೆ ಆ ಭಾಷಣವನ್ನು ನಿಲ್ಲಿಸುವುದು ಮರ್ಯಾದೆ.

ನನ್ನ ಮಟ್ಟಿಗೆ ಒಂದು ಕೆಲಸ ಮಾಡಿದೆ. ತರಗತಿಯ ಹಲಗೆಯ ಮೇಲೆ ನಾನು ಓದದೇ ಉಳಿದ ಪುಸ್ತಕಗಳ ಹೆಸರುಗಳನ್ನು ಬರೆದೆ. ಹುಡುಗರು ಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರೇ ಎದ್ದು ತಾವು ಓದಿದ್ದನ್ನೂ ಬಿಟ್ಟದ್ದನ್ನೂ ಹೇಳತೊಡಗಿದರು. ಅಂದು ಕೈ ಎತ್ತದ ತರಗತಿ ಅದೇ. ಹೊರಡುವಾಗ ಆ ಹುಡುಗಿ ತನ್ನ ಬಹುಮಾನದ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟಳು.

“ನೀವು ಮೊದಲ ಮುಗಸ್ರಿ ಸರ್. ಎಲ್ಲಿ ಚೊಲೊ ಐತಿ ಅಂತ ಗುರುತು ಹಾಕಿ ಕೊಡ್ರಿ, ಆಮ್ಯಾಲ ನಾ ಓದತೀನಿ.”

ಅಯೋಧ್ಯಾ ಸಂಪುಟ ಮುಗಿದಿದೆ. ಕಿಷ್ಕಿಂಧಾ ಸಂಪುಟದಲ್ಲಿದ್ದೇನೆ. ಇನ್ನೆರಡು ಸಂಪುಟಗಳುಂಟು.